'ಶಾರ್ಟ್ ಸರ್ಕ್ಯೂಟ್' ಆಗುವ ಮುಂಚೆಯೇ: ಅಂಗಡಿ, ಆಫೀಸು, ಹೋಟೆಲಿನಲ್ಲಿ ಬೆಂಕಿಯ ಜಾಗ ಹುಡುಕುವುದು ಹೇಗೆ?

ಕಾಂಪ್ಲೆಕ್ಸ್‌ಗೋ ಗೋಡೌನಿಗೋ ಬೆಂಕಿ ಬಿದ್ದ ಮರುದಿನ ಪೇಪರಿನಲ್ಲಿ ಒಂದು ಸಾಲು ಇದ್ದೇ ಇರುತ್ತದೆ: 'ಶಾರ್ಟ್ ಸರ್ಕ್ಯೂಟ್ ಕಾರಣ ಎಂದು ಶಂಕಿಸಲಾಗಿದೆ'. ಓದಿದವರು ಹಣೆಬರಹ ಅಂದುಕೊಂಡು ಪುಟ ತಿರುಗಿಸುತ್ತಾರೆ. ನನಗೆ ಈ ಸಾಲಿನ ಮೇಲೆ ತಕರಾರಿದೆ. ಶಾರ್ಟ್ ಸರ್ಕ್ಯೂಟ್ ಆಕಾಶದಿಂದ ಬೀಳುವುದಿಲ್ಲ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಒಂದು ವೈರು ಬಿಸಿಯಾಗುತ್ತಿರುತ್ತದೆ. ಒಂದು ಸ್ಕ್ರೂ ಸಡಿಲವಾಗಿರುತ್ತದೆ. ಪದೇ ಪದೇ ಟ್ರಿಪ್ ಆಗುವ ಎಂಸಿಬಿಯನ್ನು (ಲೋಡ್ ಮಿತಿ ಮೀರಿದರೆ ತಾನೇ ಬಿದ್ದು ಕರೆಂಟು ಕಡಿಯುವ ಸ್ವಿಚ್) ತೆಗೆದು ಯಾರೋ ದೊಡ್ಡದು ಹಾಕಿರುತ್ತಾರೆ. ಇನ್ನು ಕಿಡಿ ಹಾರಿದರೂ ಅದು ಹತ್ತಿಕೊಳ್ಳಲು ಪಕ್ಕದಲ್ಲಿ ರಟ್ಟಿನ ಡಬ್ಬವೋ ಫೋಮೋ ಇರಬೇಕು, ಹೊಗೆ ಮೇಲೇರಲು ದಾರಿ ಇರಬೇಕು. ಇದನ್ನೆಲ್ಲ ಮುಂಚೆಯೇ ಕಣ್ಣಲ್ಲಿ ನೋಡಬಹುದು.

ಅದಕ್ಕೇ ಈ ಲೇಖನವನ್ನು ಕಾರಣಗಳ ಪಟ್ಟಿ ಮಾಡದೆ, ಒಂದು ಸುತ್ತಾಟದ ಹಾಗೆ ಬರೆದಿದ್ದೇನೆ. ಒಂದು ದಿನ ಸಂಜೆ, ವ್ಯಾಪಾರ ಜೋರಾಗಿ ನಡೆಯುವ ಹೊತ್ತಿನಲ್ಲೇ ಶುರು ಮಾಡಿ. ಎಲ್ಲ ಎಸಿ, ಎಲ್ಲ ಲೈಟು ಓಡುತ್ತಿರಬೇಕು, ಆಗಲೇ ನಿಜ ಗೊತ್ತಾಗೋದು. ಕೈಯಲ್ಲಿ ಟಾರ್ಚ್, ಒಂದು ನೋಟ್‌ಬುಕ್, ಕರೆಂಟ್ ಬಿಲ್ ಇರಲಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಜೊತೆಗಿರಲಿ. ವಾಚ್‌ಮನ್ನನ್ನೂ ಕರೆದುಕೊಳ್ಳಿ. ಯಾವ ಬೀಗದ ಕೈ ಯಾರ ಹತ್ತಿರ ಇದೆ, ರಾತ್ರಿ ಯಾರು ಎಲ್ಲಿ ಮಲಗುತ್ತಾರೆ ಎಂಬುದು ಮಾಲೀಕರಿಗಿಂತ ಅವರಿಗೇ ಜಾಸ್ತಿ ಗೊತ್ತಿರುತ್ತದೆ.

ಹಂತ 1: ಬಿಲ್ ಮತ್ತು ಪ್ಯಾನೆಲ್ ಬೋರ್ಡ್

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಎಂದು ಇರುತ್ತದೆ. ಈಗ ಅಂಗಡಿಯಲ್ಲಿ ನಿಜವಾಗಿ ಓಡುತ್ತಿರುವುದನ್ನು ಕೂಡಿಸಿ. ಬಟ್ಟೆ ಅಂಗಡಿಯೊಂದು 3 ಕಿಲೋವಾಟ್‌ಗೆ ಮಂಜೂರಾತಿ ಪಡೆದಿದೆ ಅಂದುಕೊಳ್ಳಿ. ಆಮೇಲೆ ಎರಡು ಒಂದೂವರೆ ಟನ್ ಎಸಿ ಬಂದವು. ಅಲ್ಲಿಗೇ ಹೆಚ್ಚುಕಡಿಮೆ 3 ಕಿಲೋವಾಟ್ ಆಯಿತು. ಅದರ ಮೇಲೆ ಶೋಕೇಸಿನ ಲೈಟು, ಇಸ್ತ್ರಿ ಪೆಟ್ಟಿಗೆ, ಕಂಪ್ಯೂಟರ್, ಟೀ ಕೆಟಲ್. ವಿದ್ಯುತ್ ಕಂಪನಿ ದಂಡ ಹಾಕುತ್ತದೆ ಎಂಬುದು ಸಣ್ಣ ವಿಷಯ. ಗೋಡೆಯೊಳಗಿನ ವೈರು ಹಳೇ ಲೆಕ್ಕದ್ದೇ ಇದೆಯಲ್ಲ, ಅದು ದೊಡ್ಡ ವಿಷಯ.

ವೈರಿಗೂ ಎಂಸಿಬಿಗೂ ಒಂದು ಜೋಡಿ ಲೆಕ್ಕ ಇದೆ. ಸಾಮಾನ್ಯವಾಗಿ 1.5 ಚದರ ಮಿಲಿಮೀಟರ್ ತಾಮ್ರದ ವೈರಿಗೆ 6 ಅಥವಾ 10 ಆಂಪಿಯರ್ ಎಂಸಿಬಿ, 2.5ರ ವೈರಿಗೆ 16 ಆಂಪಿಯರ್. ಎಂಸಿಬಿ ಇರುವುದು ವೈರನ್ನು ಕಾಪಾಡಲು. 'ಪದೇ ಪದೇ ಬೀಳುತ್ತೆ ಸಾರ್, 32 ಹಾಕಿಬಿಡ್ತೀನಿ' ಎಂದು ಎಲೆಕ್ಟ್ರಿಷಿಯನ್ ಹೇಳಿದರೆ ಅವರನ್ನು ಬದಲಾಯಿಸಿ, ಎಂಸಿಬಿಯನ್ನಲ್ಲ. 32 ಹಾಕಿದ ಮೇಲೆ ಅದು ಬೀಳುವುದಿಲ್ಲ ನಿಜ. ಗೋಡೆಯೊಳಗೆ ವೈರು ಕಾದು, ಮೇಲಿನ ಪ್ಲಾಸ್ಟಿಕ್ ಕರಗುತ್ತಿದ್ದರೂ ಬೀಳುವುದಿಲ್ಲ. ಹಳೇ ಕಟ್ಟಡಗಳಲ್ಲಿ ಇನ್ನೂ ಪಿಂಗಾಣಿ ಫ್ಯೂಸ್ ಇದ್ದರೆ, ಅದರಲ್ಲಿ ದಪ್ಪ ತಂತಿ ಕಟ್ಟಿದ್ದಾರಾ ನೋಡಿ. ಅದೂ ಇದೇ ಕಥೆ.

ಎಂಸಿಬಿಗೆ ಕಾಣದ ಅಪಾಯವೂ ಒಂದಿದೆ: ಲೂಸ್ ಕನೆಕ್ಷನ್. ಸ್ಕ್ರೂ ಸಡಿಲವಾದ ಜಾಗದಲ್ಲಿ ಕರೆಂಟು ಜಾಸ್ತಿ ಹರಿಯುವುದಿಲ್ಲ, ಎಂದಿನಷ್ಟೇ ಹರಿಯುತ್ತದೆ. ಆದರೆ ಆ ಒಂದು ಬಿಂದು ಮಾತ್ರ ಕಾಯುತ್ತಾ ಹೋಗುತ್ತದೆ. ಲೆಕ್ಕದಲ್ಲಿ ಎಲ್ಲ ಸರಿ ಇರುವುದರಿಂದ ಎಂಸಿಬಿ ಸುಮ್ನೆ ಕೂತಿರುತ್ತದೆ.

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಅದರ ಮೂಲ ಇಂಥದ್ದೇ. ಕಟ್ಟಡದ ಕೆಳಗಿನ ಟ್ರಾನ್ಸ್‌ಫಾರ್ಮರಿಗೆ ಆವತ್ತು ಬೆಳಿಗ್ಗೆಯೇ ಒಮ್ಮೆ ಬೆಂಕಿ ಹತ್ತಿ ಆರಿತ್ತು. ಅವಸರದಲ್ಲಿ ರಿಪೇರಿ ಮಾಡಿದರು. ಕೇಬಲ್ಲಿನ ತುದಿಯನ್ನು ಕ್ರಿಂಪಿಂಗ್ ಮಿಷಿನ್ನಿನಲ್ಲಿ ಒತ್ತದೆ ಸುತ್ತಿಗೆಯಲ್ಲಿ ಹೊಡೆದು ಕೂರಿಸಿದರು. ಸಂಜೆ, ಮ್ಯಾಟಿನಿ ಶೋ ನಡೆಯುತ್ತಿದ್ದಾಗ ಅದೇ ಸಡಿಲ ಜಾಗದಲ್ಲಿ ಕಿಡಿ ಹಾರಿ, ಕೇಬಲ್ ಕಳಚಿ, ಟ್ರಾನ್ಸ್‌ಫಾರ್ಮರಿನ ಎಣ್ಣೆ ಸೋರಿ ಹೊತ್ತಿಕೊಂಡಿತು. ಹೊಗೆ ಬಾಲ್ಕನಿಗೆ ನುಗ್ಗಿತು. ಅಲ್ಲಿ ಹೆಚ್ಚುವರಿ ಸೀಟು ಹಾಕಿ ಓಡಾಡುವ ದಾರಿಯನ್ನೇ ಮುಚ್ಚಿದ್ದರು. ಒಂದು ಲಗ್ (ಕೇಬಲ್ಲಿನ ತುದಿಗೆ ಹಾಕುವ ಲೋಹದ ತುಂಡು) ಸರಿಯಾಗಿ ಒತ್ತದೇ ಇದ್ದದ್ದು ಇಷ್ಟು ದೂರ ಹೋಯಿತು.

ಹಾಗಾಗಿ ಪ್ಯಾನೆಲ್ ಮುಂದೆ ನಿಂತು ಇವನ್ನು ಗಮನಿಸಿ: ಸುಟ್ಟ ಪ್ಲಾಸ್ಟಿಕ್ ವಾಸನೆ, ಕಂದು ಬಣ್ಣಕ್ಕೆ ತಿರುಗಿದ ವೈರಿನ ತುದಿ, ಗುಂಯ್ ಎನ್ನುವ ಸದ್ದು, ಬಿಸಿಯಾದ ಮುಚ್ಚಳ, ಮಿಣುಕುವ ಲೈಟು. ಒಳಗೆ ಕೈ ಹಾಕುವ ಕೆಲಸ ನಿಮ್ಮದಲ್ಲ. ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ವರ್ಷಕ್ಕೊಮ್ಮೆಯಾದರೂ ಎಲ್ಲ ಸ್ಕ್ರೂ ಬಿಗಿ ಮಾಡಿಸಿ. ದೊಡ್ಡ ಕಟ್ಟಡವಾದರೆ ಥರ್ಮಲ್ ಕ್ಯಾಮೆರಾದಲ್ಲಿ ಪ್ಯಾನೆಲ್ಲಿನ ಚಿತ್ರ ತೆಗೆಸಿ. ಕಾದಿರುವ ಸ್ಕ್ರೂ ಅದರಲ್ಲಿ ಎದ್ದು ಕಾಣುತ್ತದೆ. ಮೂರು ಫೇಸ್ ಸಂಪರ್ಕ ಇದ್ದರೆ ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ) ವೈರಿನ ಬಿಗಿಯನ್ನು ಬೇರೆಯಾಗಿ ಹೇಳಿ ನೋಡಿಸಿ. ನ್ಯೂಟ್ರಲ್ ಕಳಚಿದರೆ 230 ವೋಲ್ಟ್ ಬರಬೇಕಾದ ಕಡೆ 400ರ ಹತ್ತಿರ ಹೋಗಬಹುದು. ಒಂದೇ ಏಟಿಗೆ ಫ್ರಿಜ್ಜು, ಯುಪಿಎಸ್ಸು, ಟಿವಿ ಎಲ್ಲ ಸುಡುತ್ತವೆ, ಅದರಿಂದ ಬೆಂಕಿಯೂ ಹತ್ತುತ್ತದೆ.

ಆರ್‌ಸಿಸಿಬಿ ಇದೆಯಾ ಕೇಳಿ. ಕರೆಂಟು ಸೋರುವುದನ್ನು ಹಿಡಿಯುವುದು ಅದೇ, ಎಂಸಿಬಿ ಅಲ್ಲ. ಇಲಿ ಕಡಿದ ವೈರು, ನೀರು ಇಳಿದ ಗೋಡೆ ಇವೆಲ್ಲ ಮೊದಲು ಸೋರಿಕೆಯಾಗಿಯೇ ಶುರುವಾಗೋದು. ಜನರಿಗೆ ಶಾಕ್ ಹೊಡೆಯದಂತೆ 30 ಮಿಲಿಆಂಪಿಯರಿನದು, ಬೆಂಕಿ ತಡೆಯಲು ಮೇನಿನಲ್ಲಿ 300ರದು ಹಾಕುವ ರೂಢಿ ಇದೆ. ಅದರ ಮೇಲೆ ಟೆಸ್ಟ್ ಎಂಬ ಗುಂಡಿ ಇರುತ್ತದೆ. ಒತ್ತಿ ನೋಡಿ. ಬೀಳದಿದ್ದರೆ ಅದು ಗೋಡೆಯ ಮೇಲಿನ ಅಲಂಕಾರ ಅಷ್ಟೇ.

ಎಕ್ಸ್‌ಟೆನ್ಷನ್ ಬೋರ್ಡುಗಳ ಬಗ್ಗೆ ಎರಡೇ ಮಾತು. 6 ಆಂಪಿಯರಿನ ಬೋರ್ಡು 230 ವೋಲ್ಟಿಗೆ ಸುಮಾರು 1,380 ವಾಟ್ ತಡೆಯುತ್ತದೆ. ಒಂದು ಟೀ ಕೆಟಲ್ಲೇ 1,500 ಇರುತ್ತದೆ. ಒಂದರ ಬಾಲಕ್ಕೆ ಇನ್ನೊಂದು ಸಿಕ್ಕಿಸಿದ ಬೋರ್ಡು, ಸುರುಳಿ ಸುತ್ತಿಟ್ಟ ವೈರು, ಕಾರ್ಪೆಟ್ ಕೆಳಗೆ ಹಾಯಿಸಿದ ವೈರು ಎಲ್ಲೆಲ್ಲಿ ಕಂಡವೋ ಅಲ್ಲೆಲ್ಲ ಹೊಸ ಪಾಯಿಂಟ್ ಬೇಕಿದೆ ಎಂದು ಬರೆದುಕೊಳ್ಳಿ.

ಹಂತ 2: ಬಾಗಿಲು ಹಾಕಿದ ಡಕ್ಟ್ ತೆರೆಸಿ

ಪ್ರತಿ ಮಹಡಿಯಲ್ಲೂ ಮೆಟ್ಟಿಲ ಪಕ್ಕದಲ್ಲೋ ಲಿಫ್ಟಿನ ಪಕ್ಕದಲ್ಲೋ ಒಂದು ಪ್ಲೈವುಡ್ ಬಾಗಿಲು ಇರುತ್ತದೆ. ಒಳಗೆ ಕೇಬಲ್ಲುಗಳು ಕೆಳಗಿನಿಂದ ಮೇಲಕ್ಕೆ ಹೋಗಿರುತ್ತವೆ. ಡಕ್ಟ್ ಅಂದರೆ ಇದೇ. ಹೆಚ್ಚಿನವರು ಇದನ್ನು ತೆರೆದೇ ನೋಡಿರುವುದಿಲ್ಲ. ತೆರೆದರೆ ಪೊರಕೆ, ಬಕೆಟ್ಟು, ಹಳೇ ಫೈಲು, ಪೇಂಟ್ ಡಬ್ಬ ಸಿಗುತ್ತವೆ.

ಬೆಂಗಳೂರಿನವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. 2010ರ ಫೆಬ್ರುವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ ಬೆಂಕಿ ಶುರುವಾದದ್ದು ಕೇಬಲ್ ಡಕ್ಟಿನಲ್ಲೇ. ಬೆಂಕಿ ದೊಡ್ಡದೇನೂ ಇರಲಿಲ್ಲ. ಆದರೆ ಮಹಡಿ ಮಹಡಿಗೂ ಮುಚ್ಚಿರದ ಡಕ್ಟು ಹೊಗೆಗೂಡಿನ ಹಾಗೆ ಕೆಲಸ ಮಾಡಿತು. ಮೇಲಿನ ಮಹಡಿಗಳಲ್ಲಿ ಕಪ್ಪು ಹೊಗೆ ತುಂಬಿತು. ಜನ ಗಾಜು ಒಡೆದರು, ಕೆಲವರು ಕೆಳಗೆ ಜಿಗಿದರು. ಸತ್ತವರು 9 ಮಂದಿ. ಅವರ ಮನೆಯವರು ಸೇರಿ ಆಮೇಲೆ ಕಟ್ಟಿದ 'ಬಿಯಾಂಡ್ ಕಾರ್ಲ್ಟನ್' ಸಂಸ್ಥೆ ಅಗ್ನಿ ಸುರಕ್ಷತೆಯ ಬಗ್ಗೆ ಕೆಲಸ ಮಾಡುತ್ತಾ ಬಂದಿದೆ.

ಡಕ್ಟಿನಲ್ಲಿ ಮಾಡಬೇಕಾದ್ದು ಮೂರು. ಒಳಗಿನ ಸಾಮಾನು ಇವತ್ತೇ ಖಾಲಿ ಮಾಡಿಸಿ. ಪ್ರತಿ ಮಹಡಿಯ ನೆಲದ ಮಟ್ಟದಲ್ಲಿ ಕೇಬಲ್ ಸುತ್ತಲಿನ ಸಂದನ್ನು ಬೆಂಕಿ ತಡೆಯುವ ಸೀಲಂಟ್ ಅಥವಾ ಗಾರೆಯಿಂದ ಮುಚ್ಚಿಸಿ. ಸಾಮಾನ್ಯ ಫೋಮ್ ಸ್ಪ್ರೇ ಹೊಡೆಸಿ ಮುಗಿಸಬೇಡಿ, ಅದು ತಾನೇ ಉರಿಯುತ್ತದೆ. ಮತ್ತೆ, ಇಂಟರ್‌ನೆಟ್‌ನವರು ಹೊಸ ಕೇಬಲ್ ಎಳೆಯಲು ಬಂದಾಗಲೆಲ್ಲ ಸೀಲ್ ಒಡೆದು ಹಾಗೇ ಬಿಟ್ಟು ಹೋಗುತ್ತಾರೆ. ಅದನ್ನು ಮುಚ್ಚಿಸುವ ಜವಾಬ್ದಾರಿಯನ್ನು ಕಟ್ಟಡದಲ್ಲಿ ಒಬ್ಬರ ಹೆಸರಿಗೆ ಹಾಕಿ.

ಫಾಲ್ಸ್ ಸೀಲಿಂಗ್ ಮೇಲೂ ಟಾರ್ಚ್ ಬಿಟ್ಟು ನೋಡಿ. ಟೇಪು ಸುತ್ತಿದ ಜಾಯಿಂಟುಗಳು, ಪೈಪಿಲ್ಲದೆ ಬಿದ್ದಿರುವ ವೈರು, ಇಲಿ ಹಿಕ್ಕೆ. ಇಲಿ ಹಿಕ್ಕೆ ಕಂಡಲ್ಲಿ ಕಡಿದ ವೈರೂ ಇರುತ್ತದೆ.

ಹಂತ 3: ಬೇಸ್‌ಮೆಂಟಿಗೆ ಇಳಿಯಿರಿ

ಪ್ಲಾನಿನಲ್ಲಿ ಪಾರ್ಕಿಂಗ್, ನಿಜದಲ್ಲಿ ಗೋಡೌನ್. ಇದು ನಮ್ಮ ಊರುಗಳ ಅರ್ಧ ಕಾಂಪ್ಲೆಕ್ಸುಗಳ ಕಥೆ. ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯಲ್ಲೂ ಹೀಗೇ ಇತ್ತು. 2011ರ ಡಿಸೆಂಬರ್ 9ರ ಬೆಳಗಿನ ಜಾವ ಸಾಮಾನು ತುಂಬಿದ್ದ ಬೇಸ್‌ಮೆಂಟಿನಲ್ಲಿ ಬೆಂಕಿ ಹತ್ತಿತು. ಹೊಗೆ ಮೇಲಿನ ವಾರ್ಡುಗಳಿಗೆ ಹೋಗಿ 90ರ ಆಸುಪಾಸು ಜನ ಸತ್ತರು. ಹೆಚ್ಚಿನವರು ಹಾಸಿಗೆ ಬಿಟ್ಟು ಏಳಲಾಗದ ರೋಗಿಗಳು.

ಬೇಸ್‌ಮೆಂಟಿನಲ್ಲಿ ನೋಡಬೇಕಾದ್ದು ಏನು ಇದೆ ಎಂಬುದಕ್ಕಿಂತ ಯಾವುದರ ಪಕ್ಕ ಯಾವುದು ಇದೆ ಎಂಬುದನ್ನು. ಮೀಟರ್ ಬೋರ್ಡಿನ ಪಕ್ಕ ರಟ್ಟು, ಜನರೇಟರಿನ ಪಕ್ಕ ಡೀಸೆಲ್ ಕ್ಯಾನ್, ಯುಪಿಎಸ್ ಬ್ಯಾಟರಿಯ ಮೇಲೆ ಪೇಪರ್ ಕಟ್ಟು. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದು ಸುಲಭವಾಗಿ ಹೊತ್ತಿಕೊಳ್ಳುವ ಅನಿಲ. ಕಿಟಕಿಯಿಲ್ಲದ ಮೂಲೆಯಲ್ಲಿ ಬ್ಯಾಟರಿ ಸಾಲು ಇಡಬಾರದು. ಪ್ಯಾನೆಲ್ ಮುಂದೆ ಒಂದು ಮೀಟರ್ ಜಾಗ ಖಾಲಿ ಇರಲಿ. ನೆಲದ ಮೇಲೆ ಹಳದಿ ಗೆರೆ ಎಳೆಸಿದರೆ ಜನ ತಮಗೆ ತಾವೇ ಸಾಮಾನು ಇಡುವುದು ನಿಲ್ಲಿಸುತ್ತಾರೆ.

ಈಗ ಹೊಸ ಸೇರ್ಪಡೆ, ಎಲೆಕ್ಟ್ರಿಕ್ ಸ್ಕೂಟರ್. 2022ರ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ಕೆಳಗೆ ಸ್ಕೂಟರ್ ಶೋರೂಮ್, ಮೇಲೆ ಲಾಡ್ಜ್ ಇದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 8 ಜನ ಸತ್ತರು. ಕೆಳಗಿನ ಹೊಗೆ ಮೆಟ್ಟಿಲಿನಲ್ಲೇ ಮೇಲೇರಿತ್ತು. 2024ರ ನವೆಂಬರಿನಲ್ಲಿ ಬೆಂಗಳೂರಿನ ರಾಜಾಜಿನಗರದ ಸ್ಕೂಟರ್ ಶೋರೂಮಿನ ಬೆಂಕಿಯಲ್ಲಿ ಅಲ್ಲೇ ಕೆಲಸ ಮಾಡುತ್ತಿದ್ದ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ಲಿಥಿಯಂ ಬ್ಯಾಟರಿ ಒಮ್ಮೆ ಒಳಗಿಂದ ಕಾಯಲು ಶುರುವಾದರೆ ನಿಲ್ಲಿಸುವುದು ಕಷ್ಟ, ಆರಿದಂತೆ ಕಂಡರೂ ಮತ್ತೆ ಹೊತ್ತಿಕೊಳ್ಳುತ್ತದೆ. ಸ್ಕೂಟರನ್ನೇ ಬೇಡ ಎನ್ನುವುದಿಲ್ಲ. ಚಾರ್ಜ್ ಮಾಡುವ ಜಾಗ ಮೆಟ್ಟಿಲ ಕೆಳಗೆ ಬೇಡ, ಹೊರಹೋಗುವ ದಾರಿಯಲ್ಲಿ ಬೇಡ, ಎಕ್ಸ್‌ಟೆನ್ಷನ್ ಬೋರ್ಡಿನಿಂದಂತೂ ಬೇಡ. ಆಫೀಸಿನೊಳಗೆ ಬ್ಯಾಟರಿ ತಂದು ರಾತ್ರಿಯಿಡೀ ಚಾರ್ಜಿಗೆ ಹಾಕುವುದನ್ನು ನಿಲ್ಲಿಸಿ.

ಹಂತ 4: ಅಡುಗೆಮನೆ ಇದ್ದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಿ

ಹೋಟೆಲ್, ಬೇಕರಿ, ಕ್ಯಾಂಟೀನ್ ಇರುವವರಿಗೆ ಈ ಹಂತ. ಮೊದಲು ಸಿಲಿಂಡರ್. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರ್ ಬೇಸ್‌ಮೆಂಟಿನಲ್ಲಿ ಇರಲೇಬಾರದು. ಗ್ಯಾಸ್ ಡಿಟೆಕ್ಟರನ್ನು ಸೀಲಿಂಗಿಗೆ ಹಾಕಿಸಿದವರನ್ನು ನೋಡಿದ್ದೇನೆ. ಗ್ಯಾಸು ಅಲ್ಲಿಗೆ ಮುಟ್ಟುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಅದು ನೆಲದ ಹತ್ತಿರ ಇರಬೇಕು.

ವ್ಯಾಪಾರಕ್ಕೆ ಬಳಸುವ 19 ಕೆಜಿ ಸಿಲಿಂಡರುಗಳನ್ನು ಗಾಳಿಯಾಡುವ ಹೊರಗಿನ ಜಾಗದಲ್ಲಿ, ಬೀಗ ಹಾಕಿದ ಜಾಲರಿಯೊಳಗೆ ನಿಲ್ಲಿಸಿ, ಒಳಗೆ ಲೋಹದ ಪೈಪಿನಲ್ಲಿ ಗ್ಯಾಸು ತರುವುದು ಸರಿಯಾದ ಕ್ರಮ. ರಬ್ಬರ್ ಹೋಸ್ ಇದ್ದರೆ ಅದರ ಮೇಲಿನ ವರ್ಷ ನೋಡಿ. 5 ವರ್ಷಕ್ಕೊಮ್ಮೆ ಬದಲಾಯಿಸಬೇಕು, ಬಿರುಕು ಬಿಟ್ಟಿದ್ದರೆ ಅದಕ್ಕೂ ಮುಂಚೆಯೇ. ಸೋರಿಕೆ ಪರೀಕ್ಷೆ ಸೋಪಿನ ನೀರಿನಲ್ಲಿ. ಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ ಎಂಬುದೇ ಆಶ್ಚರ್ಯ. ವಾಸನೆ ಬಂದರೆ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಎರಡರಲ್ಲೂ ಕಿಡಿ ಬರುತ್ತದೆ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಗೆ ನಡೆಯಿರಿ.

2023ರ ಅಕ್ಟೋಬರ್ 18ರಂದು ಕೋರಮಂಗಲದಲ್ಲಿ ಕಟ್ಟಡದ ಮೇಲಂತಸ್ತಿನ ಕೆಫೆಯೊಂದಕ್ಕೆ ಬೆಂಕಿ ಬಿದ್ದು ಸಿಲಿಂಡರುಗಳು ಸಿಡಿದವು. ಒಬ್ಬರು ಮೇಲಿನಿಂದ ಜಿಗಿದ ವಿಡಿಯೋ ನೀವೂ ನೋಡಿರಬಹುದು. ಟೆರೇಸ್ ಮೇಲೆ ಅಡುಗೆ, ಅಲ್ಲೇ ಸಿಲಿಂಡರ್ ಸಾಲು, ಮೇಲೆ ಪ್ಲಾಸ್ಟಿಕ್ ಶೀಟು, ಬಿದಿರು, ಹುಲ್ಲಿನ ಚಾವಣಿ: ಇಂಥ ರೂಫ್‌ಟಾಪ್ ಜಾಗಗಳನ್ನು ನೋಡಿದಾಗ ನನಗೆ ಊಟ ರುಚಿಸುವುದಿಲ್ಲ.

ಎರಡನೆಯದು ಒಲೆಯ ಮೇಲಿನ ಎಕ್ಸಾಸ್ಟ್. ಬೋಂಡಾ, ಪೂರಿ, ಗೋಬಿ ಕರಿದ ಹೊಗೆಯಲ್ಲಿ ಎಣ್ಣೆ ಇರುತ್ತದೆ. ಅದು ಡಕ್ಟಿನೊಳಗೆ ಪದರ ಪದರವಾಗಿ ಅಂಟುತ್ತದೆ. ಒಂದು ಜ್ವಾಲೆ ಮೇಲೆದ್ದರೆ ಡಕ್ಟಿನ ಉದ್ದಕ್ಕೂ ಬೆಂಕಿ ಓಡುತ್ತದೆ. ಅದನ್ನು ಹೊರಗಿನಿಂದ ಆರಿಸಲು ಆಗುವುದಿಲ್ಲ. ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಸಿ. ಕರಿಯುವ ಕೆಲಸ ಜಾಸ್ತಿ ಇರುವ ಕಡೆ ಡಕ್ಟನ್ನು ಮೂರು ತಿಂಗಳಿಗೊಮ್ಮೆ ಬಿಚ್ಚಿ ಕ್ಲೀನ್ ಮಾಡಿಸಿ.

ಮೂರನೆಯದು ಬಾಣಲೆ. ಅಡುಗೆ ಎಣ್ಣೆ 350 ಡಿಗ್ರಿಯ ಆಸುಪಾಸಿಗೆ ಬಂದರೆ ಕಿಡಿಯೇ ಬೇಕಿಲ್ಲ, ತಾನೇ ಹೊತ್ತಿಕೊಳ್ಳುತ್ತದೆ. ಆಗ ನೀರು ಹಾಕಿದರೆ ಅದು ತಳ ಸೇರಿ ಒಮ್ಮೆಲೇ ಆವಿಯಾಗುತ್ತದೆ. ಒಂದು ಲೀಟರ್ ನೀರು 1,700 ಲೀಟರ್ ಆವಿ. ಉರಿಯುವ ಎಣ್ಣೆ ಚಾವಣಿಯವರೆಗೆ ಚಿಮ್ಮುತ್ತದೆ. ಮೊದಲು ಗ್ಯಾಸ್ ಆಫ್, ಆಮೇಲೆ ದೊಡ್ಡ ಮುಚ್ಚಳ. ಅಡುಗೆ ಎಣ್ಣೆಗೆಂದೇ ಬರುವ ವೆಟ್ ಕೆಮಿಕಲ್ ತುಂಬಿದ ಬೆಂಕಿ ಆರಿಸುವ ಸಿಲಿಂಡರ್ ಒಂದನ್ನು ಒಲೆಯ ಪಕ್ಕದಲ್ಲಲ್ಲ, ಅಡುಗೆಮನೆಯ ಬಾಗಿಲ ಹತ್ತಿರ ನೇತುಹಾಕಿ. ಒಲೆಯೇ ಉರಿಯುವಾಗ ಅದರ ಪಕ್ಕ ಕೈ ಚಾಚುವವರು ಯಾರು?

ಹಂತ 5: ಹೊರಗಿನಿಂದ ಬರುವ ಕೆಲಸದವರು

ಬೋರ್ಡು ಕೂರಿಸಲು, ಗ್ರಿಲ್ ಹಾಕಲು, ಎಸಿ ಸ್ಟ್ಯಾಂಡ್ ಕಟ್ಟಲು ವೆಲ್ಡಿಂಗ್‌ನವರು ಬರುತ್ತಾರೆ. ಗಿರಾಕಿಗಳು ಒಳಗಿರುವಾಗಲೇ ಕೆಲಸ ನಡೆಯುತ್ತದೆ. 2024ರ ಮೇ 25ರಂದು ರಾಜ್‌ಕೋಟ್‌ನ ಗೇಮ್ ಝೋನಿನಲ್ಲಿ ಮಕ್ಕಳು ಆಡುತ್ತಿದ್ದಾಗ ವೆಲ್ಡಿಂಗ್ ಕಿಡಿ ಕೆಳಗಿನ ಸಾಮಾನಿನ ಮೇಲೆ ಬಿತ್ತು. 27 ಜನ ಸುಟ್ಟುಹೋದರು.

ನಿಯಮ ಸರಳ. ಕೆಲಸದ ಸುತ್ತ 10 ಮೀಟರಿನೊಳಗೆ ಉರಿಯುವಂಥದ್ದು ಏನೂ ಇರಬಾರದು. ತೆಗೆಯಲು ಆಗದಿದ್ದರೆ ಬೆಂಕಿ ತಡೆಯುವ ಹೊದಿಕೆ ಹಾಕಿ. ಕೆಳಗಿನ ಮಹಡಿಗೆ ಕಿಡಿ ಬೀಳುವ ಸಂದು ಮುಚ್ಚಿ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು ಪಕ್ಕದಲ್ಲೇ ನಿಲ್ಲಬೇಕು. ಕೆಲಸ ಮುಗಿದ ಮೇಲೂ ಒಂದು ಗಂಟೆ ಆ ಜಾಗ ಕಾಯಬೇಕು. ಕಿಡಿ ಹತ್ತಿಯಲ್ಲೋ ಮರದ ಪುಡಿಯಲ್ಲೋ ಹೊಗೆಯಾಡುತ್ತಾ ಕೂತಿದ್ದು, ಎಲ್ಲರೂ ಮನೆಗೆ ಹೋದ ಮೇಲೆ ಉರಿಯುವುದು ಮಾಮೂಲು. ಹಾಗಾಗಿ ಸಂಜೆ 6ಕ್ಕೆ ಶಟರ್ ಎಳೆಯುವ ಕಡೆ 5ರ ನಂತರ ವೆಲ್ಡಿಂಗ್ ಬೇಡ.

ಹಂತ 6: ಅಂಗಡಿ ಮುಚ್ಚುವ ಹೊತ್ತು

ದೇವರ ಪಟದ ಮುಂದೆ ದೀಪ ಹಚ್ಚಿಟ್ಟು ಶಟರ್ ಎಳೆಯುವುದು ನಮ್ಮಲ್ಲಿ ಸಾಮಾನ್ಯ. ಪಕ್ಕದಲ್ಲೇ ಒಣಗಿದ ಹೂವಿನ ಹಾರ, ಹಿಂದೆ ಸ್ಟಿಕ್ಕರ್, ಸೀರಿಯಲ್ ಲೈಟು. ಭಕ್ತಿಗೆ ಅಡ್ಡಿಯಿಲ್ಲ. ದೀಪ ಶಾಂತವಾದ ಮೇಲೆ ಬೀಗ ಹಾಕಿ. ಸೊಳ್ಳೆಬತ್ತಿ, ಅರೆಬರೆ ಆರಿಸಿದ ಬೀಡಿ ಸಿಗರೇಟು, ಇಸ್ತ್ರಿ ಪೆಟ್ಟಿಗೆ ಇವನ್ನೂ ಅದೇ ಸುತ್ತಿನಲ್ಲಿ ನೋಡಿ. ಫ್ರಿಜ್ಜು, ಸಿಸಿ ಕ್ಯಾಮೆರಾ ಬಿಟ್ಟು ಉಳಿದದ್ದರ ಮೇನ್ ಆಫ್ ಮಾಡಲು ಬೇರೆ ಸರ್ಕ್ಯೂಟ್ ಮಾಡಿಸಿಕೊಂಡರೆ ಕೆಲಸ ಒಂದು ಸ್ವಿಚ್ಚಿಗೆ ಇಳಿಯುತ್ತದೆ.

ಒಳಗೆ ಯಾರಾದರೂ ಮಲಗುತ್ತಾರಾ? 2018ರ ಜನವರಿ 8ರ ನಸುಕಿನಲ್ಲಿ ಕಲಾಸಿಪಾಳ್ಯದ ಕುಂಬಾರ ಸಂಘದ ಕಟ್ಟಡದ ಬಾರಿನಲ್ಲಿ ಬೆಂಕಿ ಹತ್ತಿದಾಗ ಒಳಗೆ ಮಲಗಿದ್ದ 5 ಕೆಲಸಗಾರರು ಸತ್ತರು. ಹುಡುಗರಿಗೆ ರೂಮು ಮಾಡಿಕೊಡುವ ಖರ್ಚು ಉಳಿಸಲು ಅವರನ್ನು ಅಂಗಡಿಯಲ್ಲೇ ಮಲಗಿಸುವುದು ತಪ್ಪು. ಇದರಲ್ಲಿ ಎರಡು ಮಾತಿಲ್ಲ.

ಹಂತ 7: ಹೊರಗೆ ಹೋಗುವ ದಾರಿಯನ್ನು ನಡೆದು ನೋಡಿ

ಬೆಂಕಿಯ ಕಾರಣ ಹುಡುಕುವಾಗ ಮೆಟ್ಟಿಲೇಕೆ ಎನ್ನಬೇಡಿ. ಮೇಲೆ ಹೇಳಿದ ಘಟನೆಗಳಲ್ಲಿ ಸಣ್ಣ ಬೆಂಕಿ ದುರಂತವಾದದ್ದು ಹೆಚ್ಚಾಗಿ ಇಲ್ಲೇ. ಎಲ್ಲ ಮಹಡಿಯಿಂದ ಇನ್ನೊಂದು ಮೆಟ್ಟಿಲ ದಾರಿಯಲ್ಲಿ ಇಳಿದು ರಸ್ತೆಗೆ ಬನ್ನಿ. ಬೀಗ ಇದ್ದರೆ ತೆಗೆಸಿ. ಕಳ್ಳರ ಭಯವಿದ್ದರೆ ಒಳಗಿನಿಂದ ತಳ್ಳಿದರೆ ತೆರೆಯುವ ಪ್ಯಾನಿಕ್ ಬಾರ್ ಹಾಕಿಸಿ. ಹೊಗೆ ತಡೆಯುವ ಬಾಗಿಲಿಗೆ ಇಟ್ಟಿಗೆ ಒತ್ತುಕೊಟ್ಟು ತೆರೆದಿಟ್ಟಿದ್ದರೆ ಆ ಬಾಗಿಲು ಇದ್ದೂ ಇಲ್ಲದಂತೆ. ಕರೆಂಟು ಹೋದಾಗ ಮೆಟ್ಟಿಲಿನಲ್ಲಿ ಬೆಳಕು ಇರುತ್ತದಾ, ಒಮ್ಮೆ ಮೇನ್ ಆಫ್ ಮಾಡಿಸಿಯೇ ನೋಡಿ. ನಿಮ್ಮದು ಎನ್‌ಒಸಿ (ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪತ್ರ) ಬೇಕಿಲ್ಲದ ಸಣ್ಣ ಕಟ್ಟಡ ಆಗಿರಬಹುದು. ಹೊಗೆಗೆ ಅದೆಲ್ಲ ಗೊತ್ತಾಗುವುದಿಲ್ಲ, ಅಲ್ವಾ?

ಹಂತ 8: ಬೆಂಕಿ ಆರಿಸುವ ಸಿಲಿಂಡರ್ ಮತ್ತು ಫೋನ್

ಗೋಡೆಯ ಕೆಂಪು ಸಿಲಿಂಡರಿನ ಮುಳ್ಳು ಹಸಿರಿನಲ್ಲಿ ಇದೆಯಾ ನೋಡಿ. ಕಾರ್ಬನ್ ಡೈಆಕ್ಸೈಡಿನದಕ್ಕೆ ಮುಳ್ಳು ಇರುವುದಿಲ್ಲ, ತೂಕ ಹಾಕಿಯೇ ತಿಳಿಯಬೇಕು. ಎಬಿಸಿ ಪೌಡರ್ (ಮರ-ಬಟ್ಟೆ, ಪೆಟ್ರೋಲಿನಂಥ ದ್ರವ, ಗ್ಯಾಸು ಮೂರರ ಬೆಂಕಿಗೂ ಆಗುವ ಪುಡಿ) ಹೆಚ್ಚಿನ ಕಡೆಗೆ ಸರಿ. ಸರ್ವರ್ ರೂಮು, ಪ್ಯಾನೆಲ್ ಹತ್ತಿರ ಕಾರ್ಬನ್ ಡೈಆಕ್ಸೈಡ್ ಮೇಲು. ಕೆಲಸದವರ ಕೈಯಲ್ಲೇ ಒಂದನ್ನು ಹೊಡೆಸಿ ಕಲಿಸಿ: ಪಿನ್ ಎಳೆ, ಬೆಂಕಿಯ ಬುಡಕ್ಕೆ ಗುರಿಯಿಡು, ಹಿಡಿ ಒತ್ತು, ಎಡಬಲ ಆಡಿಸು. ಅದು ಅರ್ಧ ನಿಮಿಷವೂ ಬರುವುದಿಲ್ಲ. ಹಾಗಾಗಿ ಬೆಂಕಿ ಕಸದಬುಟ್ಟಿಯಷ್ಟಿದ್ದು, ಬಾಗಿಲು ನಿಮ್ಮ ಬೆನ್ನ ಹಿಂದಿದ್ದರೆ ಮಾತ್ರ ಹೊಡೆಯಿರಿ. ಇಲ್ಲದಿದ್ದರೆ ಎಲ್ಲರನ್ನೂ ಕೂಗಿ ಹೊರಡಿಸಿ. ಲಿಫ್ಟ್ ಬೇಡ. ಹೊಗೆ ಇದ್ದರೆ ತಗ್ಗಿ ನಡೆಯಿರಿ.

112ಕ್ಕೆ ಅಥವಾ 101ಕ್ಕೆ ಫೋನ್ ಮಾಡುವುದನ್ನು 'ನೋಡೋಣ, ಆರುತ್ತೇನೋ' ಎಂದು ತಡ ಮಾಡಬೇಡಿ. ಕಟ್ಟಡದ ಹೆಸರು, ರಸ್ತೆ, ಹತ್ತಿರದ ಗುರುತು, ಎಷ್ಟನೇ ಮಹಡಿ, ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರಾ, ಗ್ಯಾಸು ಅಥವಾ ಬ್ಯಾಟರಿ ಇದೆಯಾ, ಇಷ್ಟನ್ನು ಹೇಳಿ. ವಿಳಾಸವನ್ನು ಕ್ಯಾಶ್ ಕೌಂಟರಿನ ಹತ್ತಿರ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿಡಿ. ಗಾಬರಿಯಲ್ಲಿ ಸ್ವಂತ ಅಂಗಡಿಯ ವಿಳಾಸವೂ ಬಾಯಿಗೆ ಬರುವುದಿಲ್ಲ. ಚಿಕ್ಕಪೇಟೆ, ನಗರ್ತಪೇಟೆಯಂಥ ಗಲ್ಲಿಗಳಲ್ಲಾದರೆ ಒಬ್ಬರನ್ನು ಮುಖ್ಯರಸ್ತೆಗೆ ಓಡಿಸಿ ನಿಲ್ಲಿಸಿ, ಇನ್ನಿಬ್ಬರು ದಾರಿಯಲ್ಲಿ ನಿಂತ ಬೈಕು, ತಳ್ಳುಗಾಡಿ ಸರಿಸಲಿ. ಬೆಂಕಿ ಆರಿದ ಮೇಲೂ ಎಲೆಕ್ಟ್ರಿಷಿಯನ್ ಪೂರ್ತಿ ನೋಡುವವರೆಗೆ ಮೇನ್ ಹಾಕಬೇಡಿ.